ಒಂದೇ ಲ್ಯಾಪ್‌ಟಾಪ್‌ನಲ್ಲಿ ಎರಡು ಆಫೀಸಿನ ನೆಟ್‌ವರ್ಕ್ ಕಟ್ಟುತ್ತಿದ್ದೇನೆ, ಪಿಂಗ್ ದಾಟುತ್ತಿಲ್ಲ

ವರದಾ_ತೀರ · ಶನಿವಾರ ಸಂಜೆ 6:40

ಎಲ್ಲರಿಗೂ ನಮಸ್ಕಾರ. ನಾನು ಒಂದು ಪಾಲಿಟೆಕ್ನಿಕ್‌ನಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಇರುವುದು ಎರಡು ಹಳೇ ಸ್ವಿಚ್. ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ದಾಟಿಸುವ ರೌಟರ್ ಒಂದೂ ಇಲ್ಲ. ಬೋರ್ಡ್ ಮೇಲೆ ಬಾಣ ಎಳೆದು ರೌಟಿಂಗ್ ಹೇಳಿಕೊಡುತ್ತೇನೆ, ಮಕ್ಕಳು ಬರೆದುಕೊಳ್ಳುತ್ತಾರೆ, ಮರುದಿನ ಕೇಳಿದರೆ ಯಾರಿಗೂ ನೆನಪಿಲ್ಲ. ಅದಕ್ಕೆ ನನ್ನ ಲ್ಯಾಪ್‌ಟಾಪ್‌ನಲ್ಲೇ ಪುಟ್ಟ ನೆಟ್‌ವರ್ಕ್ ಕಟ್ಟಿ, ಪ್ಯಾಕೆಟ್ (ಡೇಟಾದ ಪುಟ್ಟ ತುಂಡು) ಹೋಗಿ ಬರುವುದನ್ನು ಕಣ್ಣಾರೆ ತೋರಿಸಬೇಕು ಅಂತ ಆಸೆ.

ಯೋಜನೆ ಇಷ್ಟೆ. ಒಂದು ಕಡೆ ಹೆಡ್ ಆಫೀಸ್, ಇನ್ನೊಂದು ಕಡೆ ಬ್ರಾಂಚ್, ನಡುವೆ ರೌಟರ್. ಒಟ್ಟು ಮೂರು ವಿಎಂ, ಅಂದರೆ ಲ್ಯಾಪ್‌ಟಾಪ್ ಒಳಗೇ ಓಡುವ ವರ್ಚುವಲ್ ಮಷಿನ್. ಹೆಡ್ ಆಫೀಸಿನ ಪಿಸಿ ಡೆಬಿಯನ್ ಲಿನಕ್ಸ್, ರೌಟರ್ ಕೂಡ ಡೆಬಿಯನ್, ಬ್ರಾಂಚಿನ ಪಿಸಿ ವಿಂಡೋಸ್ 10. ಲ್ಯಾಪ್‌ಟಾಪ್ ಐ5, 8 ಜಿಬಿ ರ‍್ಯಾಮ್, ವಿಂಡೋಸ್ 11, ಅದರ ಮೇಲೆ ವಿಎಂ ಓಡಿಸುವ ವರ್ಚುವಲ್‌ಬಾಕ್ಸ್.

ಈಗ ಎರಡು ತೊಂದರೆ. ಮೂರೂ ವಿಎಂಗೆ ಒಂದೇ ಐಪಿ (ನೆಟ್‌ವರ್ಕ್ ವಿಳಾಸ) ಬಂದಿದೆ, 10.0.2.15. ಒಂದಕ್ಕೊಂದು ಪಿಂಗ್ (ಇದ್ದೀಯಾ ಅಂತ ಕೇಳಿ ಉತ್ತರ ಕಾಯುವ ಪುಟ್ಟ ಸಂದೇಶ) ಆಗುತ್ತಿಲ್ಲ. ಎರಡನೆಯದು, ಎಲ್ಲವೂ ತುಂಬಾ ನಿಧಾನ. ಎಲ್ಲಿ ತಪ್ಪಿದೆ?

ನೆಟ್‌ಮೇಷ್ಟ್ರು · 6:58

ತಪ್ಪೇನಿಲ್ಲ. ವರ್ಚುವಲ್‌ಬಾಕ್ಸ್ ಪ್ರತಿ ವಿಎಂಗೂ ತಾನಾಗಿ ಹಾಕುವುದು ನ್ಯಾಟ್ ಮೋಡ್, ಅಂದರೆ ವಿಎಂ ಅನ್ನು ಲ್ಯಾಪ್‌ಟಾಪಿನ ವಿಳಾಸದ ಹಿಂದೆ ಅಡಗಿಸಿ ಹೊರಗೆ ಕಳಿಸುವ ವಿಧಾನ. ಅದರಲ್ಲಿ ಒಂದೊಂದು ವಿಎಂಗೂ ಅದರದೇ ಬೇರೆ ನ್ಯಾಟ್ ಇರುತ್ತದೆ. ಮೂರು ಬೇರೆ ಬೇರೆ ಊರಲ್ಲಿ ಮೂರು ಮನೆಗೂ 15ನೇ ನಂಬರ್ ಇದ್ದ ಹಾಗೆ. ಗೇಟ್‌ವೇ (ಹೊರಗೆ ಹೋಗುವ ಬಾಗಿಲು) 10.0.2.2, ಡಿಎನ್ಎಸ್ (ಹೆಸರಿಗೆ ಐಪಿ ಹುಡುಕಿ ಕೊಡುವುದು) 10.0.2.3, ಎಲ್ಲಾ ಕಡೆ ಇದೇ. ಹೊರಗಿನ ಇಂಟರ್ನೆಟ್ ಸಿಗುತ್ತದೆ, ಪಕ್ಕದ ವಿಎಂ ಸಿಗುವುದಿಲ್ಲ.

ನಿಮಗೆ ಬೇಕಾದ್ದು ಇಂಟರ್ನಲ್ ನೆಟ್‌ವರ್ಕ್. ಎರಡು ಹೆಸರು ಕೊಡಿ, ಒಂದು 'ಹೆಡ್', ಇನ್ನೊಂದು 'ಬ್ರಾಂಚ್'. ಒಂದೊಂದು ಹೆಸರೂ ಒಂದೊಂದು ಸ್ವಿಚ್ ಇದ್ದಂತೆ. ರೌಟರಿಗೆ ಎರಡು ನೆಟ್‌ವರ್ಕ್ ಕಾರ್ಡ್, ಒಂದು ಹೆಡ್‌ಗೆ, ಒಂದು ಬ್ರಾಂಚ್‌ಗೆ. ಹೆಡ್‌ಗೆ 10.10.1.0/24, ಬ್ರಾಂಚ್‌ಗೆ 10.10.2.0/24 ಇಡಿ. /24 ಅಂದರೆ ಮೊದಲ ಮೂರು ಸಂಖ್ಯೆ ನೆಟ್‌ವರ್ಕಿನದು, ಕೊನೆಯದು ಪಿಸಿಯದು. ಮೊದಲು ಹಾಳೆಯ ಮೇಲೆ ಚಿತ್ರ ಬರೆದು, ಪ್ರತಿ ಕಾರ್ಡಿನ ಪಕ್ಕ ಐಪಿ ಬರೆಯಿರಿ. ಆಮೇಲೆ ಮೌಸ್ ಮುಟ್ಟಿ.

ಜೋಳದರೊಟ್ಟಿ · 7:03

ಇಷ್ಟೆಲ್ಲಾ ಯಾಕೆ? ರೌಟರ್ ಕಂಪನಿ ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಹಾಕಿ. ಅವರ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಅಕೌಂಟ್ ಮಾಡಿದರೆ ಪುಕ್ಕಟೆ. ಹತ್ತು ರೌಟರ್ ಇಟ್ಟರೂ 8 ಜಿಬಿಯಲ್ಲಿ ಓಡುತ್ತದೆ.

ಕರಾವಳಿ_ಕರ್ನಲ್ · 7:10

ಒಪ್ಪುವುದಿಲ್ಲ. ಪ್ಯಾಕೆಟ್ ಟ್ರೇಸರ್ ಅಂದರೆ ರೌಟರಿನ ಅನುಕರಣೆ. ಅದನ್ನು ಬರೆದವರು ಹಾಕಿದ ಕಮಾಂಡ್ ಮಾತ್ರ ಅದರಲ್ಲಿ ಇರುತ್ತದೆ. ಪರೀಕ್ಷೆಗೆ ಓದುವವರಿಗೆ ಚೆನ್ನಾಗಿದೆ. ಆದರೆ ಈ ಮೇಷ್ಟ್ರು ಕೇಳಿದ್ದು ನಿಜವಾದ ಪ್ಯಾಕೆಟ್. ನಾವು ವಿಟಿಯು ಲ್ಯಾಬಿನಲ್ಲಿ ಎನ್ಎಸ್2 ಅನ್ನುವ ನೆಟ್‌ವರ್ಕ್ ಅನುಕರಣೆ ಮಾಡಿದ್ದೆವು. ಗ್ರಾಫ್ ಬಂತು, ಮಾರ್ಕ್ಸ್ ಬಂತು. ಕೆಲಸಕ್ಕೆ ಸೇರಿದ ದಿನ ಒಂದು ಲಿನಕ್ಸ್ ಮಷಿನ್‌ಗೆ ಗೇಟ್‌ವೇ ಹಾಕಲು ಬರಲಿಲ್ಲ.

ಲಿನಕ್ಸ್ ಇದ್ದರೆ ವಿಎಂ ಕೂಡ ಬೇಡ. ನೆಟ್‌ವರ್ಕ್ ನೇಮ್‌ಸ್ಪೇಸ್ ಬಳಸಿ. ಒಂದೇ ಕರ್ನಲ್ (ಓಎಸ್‌ನ ತಿರುಳು) ಒಳಗೆ ಬೇರೆ ಬೇರೆ ಕೋಣೆ ಕಟ್ಟಿದ ಹಾಗೆ. ಪ್ರತಿ ಕೋಣೆಗೂ ಅದರದೇ ಕಾರ್ಡ್, ಅದರದೇ ರೌಟಿಂಗ್ ಟೇಬಲ್ (ಯಾವ ವಿಳಾಸಕ್ಕೆ ಯಾವ ದಾರಿ ಅನ್ನುವ ಪಟ್ಟಿ), ಅದರದೇ ಫೈರ್‌ವಾಲ್. ವೆಥ್ ಅಂತ ಜೋಡಿ ಕಾರ್ಡ್ ಸಿಗುತ್ತದೆ, ಎರಡು ತುದಿಯ ಕೇಬಲ್ ಥರ. ಒಂದು ತುದಿ ಈ ಕೋಣೆಗೆ, ಇನ್ನೊಂದು ಆ ಕೋಣೆಗೆ. ಇಪ್ಪತ್ತು ರೌಟರ್ ಇಟ್ಟರೂ ರ‍್ಯಾಮ್ ಏರಿದ್ದು ಗೊತ್ತೇ ಆಗುವುದಿಲ್ಲ. ಸ್ಟ್ಯಾನ್‌ಫರ್ಡ್‌ನಿಂದ ಬಂದ ಮಿನಿನೆಟ್ ಅನ್ನುವ ಲ್ಯಾಬ್ ಸಾಧನ ಕೂಡ ಇದರ ಮೇಲೇ ನಿಂತಿದೆ.

ವರದಾ_ತೀರ · 7:15

ಮೇಷ್ಟ್ರು ಅಲ್ಲ, ಮೇಡಂ. ಪರವಾಗಿಲ್ಲ. ಆದರೆ ನಮ್ಮ ಮಕ್ಕಳು ನಾಳೆ ಹೋಗಿ ಕೂರುವುದು ವಿಂಡೋಸ್ ಪಿಸಿ ತುಂಬಿದ ಆಫೀಸಿನಲ್ಲಿ. ನೇಮ್‌ಸ್ಪೇಸ್ ಒಳಗೆ ವಿಂಡೋಸ್ ಇಡಲು ಆಗುತ್ತದಾ?

ಕರಾವಳಿ_ಕರ್ನಲ್ · 7:18

ಕ್ಷಮಿಸಿ ಮೇಡಂ. ವಿಂಡೋಸ್ ಆಗುವುದಿಲ್ಲ. ಎಲ್ಲಾ ಕೋಣೆಗೂ ಒಂದೇ ಲಿನಕ್ಸ್ ಕರ್ನಲ್. ಆ ವಿಷಯದಲ್ಲಿ ವಿಎಂ ಸರಿ.

ಬೆಣ್ಣೆದೋಸೆ_577001 · 7:26

ನಿಧಾನದ ಬಗ್ಗೆ ಹೇಳುತ್ತೇನೆ. ವಿಎಂ ಕಿಟಕಿಯ ಕೆಳಗೆ ಬಲಗಡೆ ಪುಟ್ಟ ಹಸಿರು ಆಮೆ ಕಾಣುತ್ತಿದೆಯಾ ನೋಡಿ. ಆಮೆ ಇದ್ದರೆ, ವಿಂಡೋಸಿನದೇ ವಿಎಂ ವ್ಯವಸ್ಥೆ ಹೈಪರ್-ವಿ ಮೊದಲೇ ಪ್ರೊಸೆಸರ್ ಹಿಡಿದುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಮೇಲೆ ಓಡುತ್ತಿದೆ ಅಂತ ಅರ್ಥ. ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್ಎಲ್2 ಹಾಕಿದ್ದರೂ ಹೀಗಾಗುತ್ತದೆ. ವಿಂಡೋಸ್ ಸೆಕ್ಯುರಿಟಿಯಲ್ಲಿ ಮೆಮೊರಿ ಇಂಟೆಗ್ರಿಟಿ ಆನ್ ಇದ್ದರೂ ಹೀಗೇ.

ರ‍್ಯಾಮ್ ಲೆಕ್ಕವೂ ನೋಡಿ. ಡೆಬಿಯನ್‌ಗೆ ಡೆಸ್ಕ್‌ಟಾಪ್ ಬೇಡ, ಬರೀ ಕಪ್ಪು ಪರದೆ ಸಾಕು. 512 ಎಂಬಿ ಕೊಡಿ. ರೌಟರಿಗೂ ಅಷ್ಟೇ. ವಿಂಡೋಸ್ 10ಕ್ಕೆ 2 ಜಿಬಿ ಕೊಡಿ. ಒಟ್ಟು 3 ಜಿಬಿ ಆಯಿತು, ಉಳಿದದ್ದು ನಿಮ್ಮ ಲ್ಯಾಪ್‌ಟಾಪಿಗೆ. ಬ್ರೌಸರ್‌ನಲ್ಲಿ ಮೂವತ್ತು ಟ್ಯಾಬ್ ತೆರೆದಿದ್ದರೆ ಮುಚ್ಚಿ.

ಎಸ್ಪಿರೋಡ್_ಹುಡುಗ · 7:31

ಸ್ಲಾಟ್ ಖಾಲಿ ಇದ್ದರೆ ಇನ್ನೊಂದು 8 ಜಿಬಿ ಹಾಕಿಸಿ ಮೇಡಂ. ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡಿಗೆ ಬರುವ ಮುಂಚೆ ಹಿಂದಿನ ಮುಚ್ಚಳ ತೆಗೆಸಿ ನೋಡಿ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಎಷ್ಟೋ ಜನ ಊರಿಂದ ಬಂದು ಸುಮ್ನೆ ವಾಪಸ್ ಹೋಗುತ್ತಾರೆ, ನೋಡಿದರೆ ಬೇಜಾರಾಗುತ್ತದೆ.

ಹೊಂಗೆನೆರಳು · 7:37

@ಬೆಣ್ಣೆದೋಸೆ, ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿ ಅಂತ ಎಲ್ಲರಿಗೂ ಹೇಳಬೇಡಿ. ಅದು ಕಳ್ಳ ಡ್ರೈವರ್‌ಗಳು ಕರ್ನಲ್ ಒಳಗೆ ನುಗ್ಗದಂತೆ ತಡೆಯುವ ಬೇಲಿ. ಬ್ಯಾಂಕ್ ಕೆಲಸ ಮಾಡುವ ಲ್ಯಾಪ್‌ಟಾಪ್‌ನಲ್ಲಿ ಬೇಲಿ ಕೀಳುವುದು ಸರಿಯಲ್ಲ.

ಬೆಣ್ಣೆದೋಸೆ_577001 · 7:41

ನಾನು ಎಲ್ಲಿ ಆಫ್ ಮಾಡಿ ಅಂದೆ? ಕಾರಣ ಹೇಳಿದೆ ಅಷ್ಟೆ. ಆಮೆ ಇದ್ದರೂ ಮೂರು ವಿಎಂ ಓಡುತ್ತವೆ, ಸ್ವಲ್ಪ ತಾಳ್ಮೆ ಬೇಕು.

ಕಾಫಿತೋಟ · 7:50

ಎಲ್ಲರೂ ಸುತ್ತಿ ಬಳಸಿ ಹೇಳುತ್ತಿದ್ದೀರಿ. ಬ್ರಿಡ್ಜ್ಡ್ ಅಡಾಪ್ಟರ್ ಹಾಕಿದರೆ ಮೂರಕ್ಕೂ ಮನೆಯ ರೌಟರಿನಿಂದಲೇ ಐಪಿ ಬರುತ್ತದೆ, ಒಂದಕ್ಕೊಂದು ಪಿಂಗ್ ಆಗುತ್ತದೆ. ಎರಡು ನಿಮಿಷದ ಕೆಲಸ.

ಡಬ್ಲಿನ್_ಕನ್ನಡತಿ · 8:02

ದಯವಿಟ್ಟು ಕಾಲೇಜಿನಲ್ಲಿ ಅದನ್ನು ಮಾಡಬೇಡಿ. ನನ್ನ ಅನುಭವ ಹೇಳುತ್ತೇನೆ.

ಮೊದಲ ಕೆಲಸದಲ್ಲಿ, ಬೆಂಗಳೂರಿನಲ್ಲಿದ್ದಾಗ, ನಾನು ಡಿಎಚ್‌ಸಿಪಿ (ಪಿಸಿಗಳಿಗೆ ತಾನಾಗಿ ಐಪಿ ಹಂಚುವ ವ್ಯವಸ್ಥೆ) ಕಲಿಯುತ್ತಿದ್ದೆ. ವಿಎಂ ಒಳಗೆ ಡಿಎಚ್‌ಸಿಪಿ ಸರ್ವರ್ ಹಾಕಿದೆ. ಅಡಾಪ್ಟರ್ ಬ್ರಿಡ್ಜ್ಡ್ ಇತ್ತು, ಗಮನಿಸಲಿಲ್ಲ. ಬ್ರಿಡ್ಜ್ಡ್ ಅಂದರೆ ಆ ವಿಎಂ ಆಫೀಸಿನ ಸ್ವಿಚ್ಚಿಗೇ ಕೇಬಲ್ ಹಾಕಿದ ಹಾಗೆ. ಡಿಎಚ್‌ಸಿಪಿಯಲ್ಲಿ ಪಿಸಿ ಮೊದಲು 'ಯಾರಾದರೂ ನನಗೆ ಐಪಿ ಕೊಡಿ' ಅಂತ ಕೂಗುತ್ತದೆ. ಸಾಮಾನ್ಯವಾಗಿ ಮೊದಲು ಬಂದ ಉತ್ತರವನ್ನೇ ಹಿಡಿದುಕೊಳ್ಳುತ್ತದೆ. ಆಫೀಸಿನ ಸರ್ವರ್ ಇನ್ನೊಂದು ಕಟ್ಟಡದಲ್ಲಿತ್ತು. ನನ್ನ ವಿಎಂ ಪಕ್ಕದ ಮೇಜಿನಲ್ಲಿ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದವರಿಗೆಲ್ಲ ನನ್ನ ಐಪಿ, ನನ್ನ ಸುಳ್ಳು ಗೇಟ್‌ವೇ. ಇಡೀ ಮಹಡಿಗೆ ಇಂಟರ್ನೆಟ್ ಇಲ್ಲ. ಹುಡುಕಲು ಮಧ್ಯಾಹ್ನದವರೆಗೆ ಹಿಡಿಯಿತು. ಯಾರೂ ಬೈಯಲಿಲ್ಲ, ಆದರೆ ಅವತ್ತು ನನಗೆ ಊಟ ಸೇರಲಿಲ್ಲ.

ಡಿಎಚ್‌ಸಿಪಿ ಪ್ರಯೋಗ ಅಂದರೆ ಇಂಟರ್ನಲ್ ನೆಟ್‌ವರ್ಕ್ ಮಾತ್ರ. ಅದರಲ್ಲಿ ಕೂಗಿದ್ದು ಹೊರಗೆ ಯಾರಿಗೂ ಕೇಳುವುದಿಲ್ಲ.

ಕಾಫಿತೋಟ · 8:09

ಸರಿ, ಕಾಲೇಜಿಗೆ ಬೇಡ, ಒಪ್ಪಿದೆ. ಮನೆಯಲ್ಲಿ ನಾನು ದಿನಾ ಬಳಸುತ್ತೇನೆ, ಏನೂ ಆಗಿಲ್ಲ.

ನೆಟ್‌ಮೇಷ್ಟ್ರು · 8:13

ಮನೆಯಲ್ಲೂ ಒಂದು ಮಾತು. ಬ್ರಿಡ್ಜ್ಡ್ ವೈಫೈ ಮೇಲೆ ಎಲ್ಲಾ ಕಡೆ ನಡೆಯುವುದಿಲ್ಲ. ವೈಫೈ ಕಾರ್ಡ್ ಒಂದೇ ಮ್ಯಾಕ್ ವಿಳಾಸದಿಂದ (ಕಾರ್ಡಿನ ಗುರುತಿನ ಸಂಖ್ಯೆ) ಸೇರಿಕೊಂಡಿರುತ್ತದೆ. ಬೇರೆ ಮ್ಯಾಕ್‌ನಿಂದ ಬಂದ ಡೇಟಾ ಫ್ರೇಮನ್ನು ವೈಫೈ ಕೊಡುವ ಆಕ್ಸೆಸ್ ಪಾಯಿಂಟ್ ಬಿಸಾಡುತ್ತದೆ. ವರ್ಚುವಲ್‌ಬಾಕ್ಸ್ ಒಳಗೊಳಗೇ ಮ್ಯಾಕ್ ಬದಲಿಸಿ ನಿಭಾಯಿಸುತ್ತದೆ. ಲಿನಕ್ಸಿನಲ್ಲಿ ಕೆವಿಎಂ (ಲಿನಕ್ಸಿನ ವಿಎಂ ವ್ಯವಸ್ಥೆ) ಹಾಕಿ ಸಾದಾ ಬ್ರಿಡ್ಜ್ ಕಟ್ಟಿದರೆ ಅಲ್ಲೇ ನಿಲ್ಲುತ್ತದೆ.

ವರದಾ_ತೀರ · 9:20

ಚಿತ್ರ ಬರೆದೆ. ಇಂಟರ್ನಲ್ ನೆಟ್‌ವರ್ಕ್ ಎರಡು ಮಾಡಿದೆ. ಹೆಡ್ ಪಿಸಿ 10.10.1.10. ರೌಟರ್ ಈ ಕಡೆ 10.10.1.1, ಆ ಕಡೆ 10.10.2.1. ಬ್ರಾಂಚ್ ಪಿಸಿ 10.10.2.10. ಸಾಫ್ಟ್‌ವೇರ್ ಇಳಿಸಿಕೊಳ್ಳಲು ಬೇಕಲ್ಲ ಅಂತ ಎಲ್ಲದಕ್ಕೂ ಮೊದಲಿನ ನ್ಯಾಟ್ ಕಾರ್ಡ್ ಹಾಗೇ ಬಿಟ್ಟಿದ್ದೇನೆ.

ಹೆಡ್ ಪಿಸಿಯಿಂದ 10.10.1.1ಕ್ಕೆ ಪಿಂಗ್ ಆಯಿತು! ಖುಷಿಯಾಯಿತು. ಆದರೆ 10.10.2.10 ಬಿಡಿ, ರೌಟರಿನದೇ ಆ ಕಡೆಯ 10.10.2.1 ಕೂಡ ಸಿಗುತ್ತಿಲ್ಲ. ಆಮೆ ಇದೆ, ಆದರೆ ವೇಗ ಪರವಾಗಿಲ್ಲ.

ನೆಟ್‌ಮೇಷ್ಟ್ರು · 9:24

ಹೆಡ್ ಪಿಸಿಯಿಂದ 10.10.2.1ಕ್ಕೆ ಟ್ರೇಸ್‌ರೌಟ್ (ದಾರಿಯಲ್ಲಿ ಸಿಗುವ ರೌಟರ್‌ಗಳನ್ನು ತೋರಿಸುವ ಕಮಾಂಡ್) ಹಾಕಿ. ಮೊದಲ ಸಾಲಿನಲ್ಲಿ ಯಾವ ಐಪಿ ಬರುತ್ತದೆ ಹೇಳಿ.

ವರದಾ_ತೀರ · 9:27

10.0.2.2. ಆಮೇಲೆ ಬರೀ ನಕ್ಷತ್ರ.

ನೆಟ್‌ಮೇಷ್ಟ್ರು · 9:36

ಸಿಕ್ಕಿತು. ನೀವು ಬಿಟ್ಟ ನ್ಯಾಟ್ ಕಾರ್ಡೇ ಕಾರಣ. ಹೆಡ್ ಪಿಸಿಗೆ 10.10.1 ಮನೆಯದು, ಅದು ಗೊತ್ತು. 10.10.2 ಎಲ್ಲಿದೆ ಅಂತ ಗೊತ್ತಿಲ್ಲ. ಗೊತ್ತಿಲ್ಲದ್ದನ್ನೆಲ್ಲ ಡೀಫಾಲ್ಟ್ ಗೇಟ್‌ವೇಗೆ ಕೊಡುತ್ತದೆ. ಆ ಡೀಫಾಲ್ಟ್ ಈಗ ನ್ಯಾಟ್ ಕಡೆ, 10.0.2.2. ನಿಮ್ಮ ಪಿಂಗ್ ಲ್ಯಾಪ್‌ಟಾಪ್ ದಾಟಿ, ಮನೆಯ ರೌಟರ್ ದಾಟಿ, ಎಲ್ಲೋ ಹೋಗಿ ಸತ್ತಿದೆ. ಬ್ರಾಂಚಿಗೆ ಹೊರಟವನು ಊರ ಹೆದ್ದಾರಿ ಹಿಡಿದ ಹಾಗೆ.

ಎರಡು ದಾರಿ ಇದೆ. ಒಂದು, ಎರಡೂ ಪಿಸಿಯ ನ್ಯಾಟ್ ಕಾರ್ಡ್ ತೆಗೆದು, ಡೀಫಾಲ್ಟ್ ಗೇಟ್‌ವೇ ರೌಟರ್ ಕಡೆ ಇಡುವುದು. ಇನ್ನೊಂದು, ನ್ಯಾಟ್ ಇಟ್ಟುಕೊಂಡು, 10.10.0.0/16 (10.10ರಿಂದ ಶುರುವಾಗುವುದೆಲ್ಲ) ಪೂರ್ತಿ ರೌಟರ್ ಕಡೆ ಅಂತ ಒಂದು ಸ್ಟ್ಯಾಟಿಕ್ ರೌಟ್ (ಕೈಯಾರೆ ಬರೆದ ದಾರಿ) ಹಾಕುವುದು. ಕಲಿಸುವುದಕ್ಕೆ ಮೊದಲನೆಯದೇ ಚೆನ್ನ. ನಿಜವಾದ ಬ್ರಾಂಚಿನ ಪಿಸಿಗೆ ಬಾಗಿಲು ಒಂದೇ ಅಲ್ವಾ? ನೆನಪಿಡಿ, ಇದನ್ನು ಎರಡೂ ಪಿಸಿಯಲ್ಲಿ ಮಾಡಬೇಕು. ಹೋಗುವ ದಾರಿ ಸರಿ ಮಾಡಿ ಬರುವ ದಾರಿ ಮರೆತರೆ ಪಿಂಗ್ ಬ್ರಾಂಚ್ ಮುಟ್ಟುತ್ತದೆ, ಉತ್ತರ ಮಾತ್ರ ಹೆದ್ದಾರಿ ಹಿಡಿಯುತ್ತದೆ.

ಜೋಳದರೊಟ್ಟಿ · 9:44

ವಿಷಯಕ್ಕೆ ಸ್ವಲ್ಪ ಹೊರಗೆ. ಮಕ್ಕಳಿಗೆ ಈ ಸ್ಲ್ಯಾಶ್ 24 ಹೇಗೆ ಹೇಳಿಕೊಡುತ್ತೀರಿ ಮೇಡಂ? ನಾನು ಪಿನ್‌ಕೋಡ್ ಹೇಳುತ್ತೇನೆ. 577001 ದಾವಣಗೆರೆ, 577201 ಶಿವಮೊಗ್ಗ, 577101 ಚಿಕ್ಕಮಗಳೂರು. ಮೊದಲ ಮೂರು ಅಂಕಿ ನೋಡಿ ಚೀಲ ಬೇರೆ ಮಾಡುತ್ತಾರೆ, ಉಳಿದ ಮೂರು ಆಮೇಲೆ. ಮಾಸ್ಕ್ (ಆ ಸ್ಲ್ಯಾಶ್ ಸಂಖ್ಯೆ) ಅಂದರೆ ಎಷ್ಟು ಅಂಕಿ ನೋಡಬೇಕು ಅನ್ನುವ ಗುರುತು.

ಕರಾವಳಿ_ಕರ್ನಲ್ · 9:49

ಹೋಲಿಕೆ ಚೆನ್ನಾಗಿದೆ. ಆದರೆ ಸ್ಲ್ಯಾಶ್ 26 ಬಂದ ಕೂಡಲೇ ಮುರಿಯುತ್ತದೆ. ಅಲ್ಲಿ ಗೆರೆ ಬೀಳುವುದು ಕೊನೆಯ ಸಂಖ್ಯೆಯ ಮಧ್ಯದಲ್ಲಿ. 10.10.1.60, 10.10.1.70 ನೋಡಲು ಅಕ್ಕಪಕ್ಕ, ಆದರೆ ಬೇರೆ ಬೇರೆ ನೆಟ್‌ವರ್ಕ್. ಒಂದು 0ರಿಂದ 63ರ ಗುಂಪು, ಇನ್ನೊಂದು 64ರಿಂದ 127. ಬೈನರಿಯನ್ನು ಯಾವಾಗಲೋ ಒಮ್ಮೆ ಹೇಳಲೇಬೇಕು.

ಜೋಳದರೊಟ್ಟಿ · 9:51

ಮೊದಲ ವಾರ ಪಿನ್‌ಕೋಡ್, ಎರಡನೇ ವಾರ ಬೈನರಿ. ಮೊದಲ ದಿನವೇ ಬೈನರಿ ಹೇಳಿದರೆ ಹಿಂದಿನ ಬೆಂಚ್ ಮಲಗುತ್ತದೆ.

ವರದಾ_ತೀರ · 10:15

ಪಿನ್‌ಕೋಡ್ ನನಗೆ ತುಂಬಾ ಹಿಡಿಸಿತು, ಸೋಮವಾರವೇ ಹೇಳುತ್ತೇನೆ.

ನ್ಯಾಟ್ ಕಾರ್ಡ್ ತೆಗೆದೆ, ಗೇಟ್‌ವೇ ಎರಡೂ ಕಡೆ ಹಾಕಿದೆ. ಈಗ ಹೆಡ್ ಪಿಸಿಯಿಂದ 10.10.2.1 ಸಿಗುತ್ತಿದೆ. 10.10.2.10 ಮಾತ್ರ ಇನ್ನೂ ಇಲ್ಲ.

ಕರಾವಳಿ_ಕರ್ನಲ್ · 10:19

ರೌಟರಿನಲ್ಲಿ ಐಪಿ ಫಾರ್ವರ್ಡಿಂಗ್ ಆನ್ ಮಾಡಿದ್ದೀರಾ? ಲಿನಕ್ಸಿನಲ್ಲಿ ಅದು ಮೊದಲಿಗೆ ಸೊನ್ನೆ ಇರುತ್ತದೆ. ತನ್ನ ಹೆಸರಿಗೆ ಬಂದದ್ದಕ್ಕೆ ಉತ್ತರ ಕೊಡುತ್ತದೆ, ಬೇರೆಯವರಿಗೆ ಹೋಗಬೇಕಾದ್ದನ್ನು ಮುಂದೆ ದಾಟಿಸುವುದಿಲ್ಲ. 10.10.2.1 ಕೂಡ ರೌಟರಿನದೇ ಐಪಿ, ಅದಕ್ಕೇ ಸಿಕ್ಕಿತು. ಸಿಸ್‌ಕಂಟ್ರೋಲ್ (sysctl) ಕಮಾಂಡ್‌ನಲ್ಲಿ ಆ ಸೊನ್ನೆಯನ್ನು 1 ಮಾಡಿ. ರೀಬೂಟ್ ಆದ ಮೇಲೂ ಉಳಿಯಬೇಕಾದರೆ ಅದರ ಸೆಟ್ಟಿಂಗ್ ಫೈಲಿನಲ್ಲೂ ಬರೆಯಿರಿ.

ಮತ್ತೆ ಊಹೆ ಮಾಡುತ್ತಾ ಕೂರಬೇಡಿ. ರೌಟರಿನಲ್ಲಿ ಎರಡು ಟರ್ಮಿನಲ್ ತೆರೆದು, ಎರಡೂ ಕಾರ್ಡಿನ ಮೇಲೆ ಹಾದುಹೋಗುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಓಡಿಸಿ. ಒಂದು ಕಡೆ ಬಂದದ್ದು ಇನ್ನೊಂದು ಕಡೆ ಹೊರಟಿತಾ ಅಂತ ಕಣ್ಣಿಗೇ ಕಾಣುತ್ತದೆ. ಮಕ್ಕಳಿಗೆ ತೋರಿಸಬೇಕಾದ್ದೂ ಅದೇ.

ಹೊಂಗೆನೆರಳು · 10:30

ಇದೆಲ್ಲ ಮುಗಿದ ಮೇಲೆ ಜಿಎನ್ಎಸ್3 ಅನ್ನುವ ಲ್ಯಾಬ್ ಸಾಫ್ಟ್‌ವೇರ್ ನೋಡಿ ಮೇಡಂ. ಅದರೊಳಗಿನ ಡೈನಮಿಪ್ಸ್ ಮೇಲೆ ಸಿಸ್ಕೋ 7200 ರೌಟರ್ ಓಡಿಸಬಹುದು. ಐಡಲ್-ಪಿಸಿ ಮೌಲ್ಯ (ರೌಟರ್ ಸುಮ್ಮನಿರುವಾಗ ಪ್ರೊಸೆಸರಿಗೆ ಬಿಡುವು ಕೊಡುವ ಸಂಖ್ಯೆ) ಹುಡುಕಿ ಹಾಕುವುದು ಮರೆಯಬೇಡಿ, ಇಲ್ಲದಿದ್ದರೆ ಒಂದೇ ರೌಟರ್ ಒಂದು ಕೋರ್ ಪೂರ್ತಿ ತಿನ್ನುತ್ತದೆ, ಫ್ಯಾನ್ ಕೂಗುತ್ತದೆ. ಐಒಎಸ್ ಇಮೇಜ್ (ಸಿಸ್ಕೋ ರೌಟರಿನ ಓಎಸ್ ಫೈಲ್) ಬೇಕಾದರೆ ಟೆಲಿಗ್ರಾಮ್ ಗುಂಪುಗಳಲ್ಲಿ ಸಿಗುತ್ತದೆ.

ಡಬ್ಲಿನ್_ಕನ್ನಡತಿ · 10:38

ಟೆಲಿಗ್ರಾಮ್ ಇಮೇಜ್ ಬೇಡ. ಅದಕ್ಕೆ ಲೈಸೆನ್ಸ್ ಇಲ್ಲ. ಅದರ ಒಳಗೆ ಯಾರು ಏನು ಸೇರಿಸಿದ್ದಾರೋ ಯಾರಿಗೆ ಗೊತ್ತು. ಕಾಲೇಜಿನ ಲ್ಯಾಬಿನಲ್ಲಿ ಮಕ್ಕಳ ಮುಂದೆ ಹಾಗೆ ಮಾಡಬಾರದು. ದುಡ್ಡಿಲ್ಲದೆ ನೇರವಾಗಿ ಸಿಗುವುದು ಬೇಕಾದಷ್ಟಿದೆ. ಎಫ್ಆರ್‌ಆರ್ ಅನ್ನುವ ರೌಟಿಂಗ್ ಸಾಫ್ಟ್‌ವೇರ್ ಹಾಕಿದರೆ ಅದೇ ಡೆಬಿಯನ್ ರೌಟರ್ ಓಎಸ್‌ಪಿಎಫ್, ಬಿಜಿಪಿ (ರೌಟರ್‌ಗಳು ದಾರಿ ಹಂಚಿಕೊಳ್ಳುವ ಭಾಷೆಗಳು) ಮಾತಾಡುತ್ತದೆ. ಅದರ ಕಮಾಂಡ್ ಸಾಲೂ ಸಿಸ್ಕೋ ಥರವೇ. ಕಂಟೇನರ್‌ಲ್ಯಾಬ್ ಅನ್ನುವ ಲ್ಯಾಬ್ ಸಾಧನದ ಜೊತೆ ನೋಕಿಯಾದ ರೌಟರ್ ಓಎಸ್ ಆದ ಎಸ್‌ಆರ್ ಲಿನಕ್ಸ್ ಇಮೇಜ್ ಪುಕ್ಕಟೆ ಇಳಿಸಬಹುದು. ಮೈಕ್ರೋಟಿಕ್ ಕಂಪನಿಯ ಸಿಎಚ್‌ಆರ್ ರೌಟರ್ ಕೂಡ ಪುಕ್ಕಟೆ, ಆದರೆ ಕಾರ್ಡಿಗೆ 1 ಎಂಬಿಪಿಎಸ್ ಮಿತಿ. ಕಲಿಯುವುದಕ್ಕೆ ಧಾರಾಳ.

ಹೊಂಗೆನೆರಳು · 10:43

ಸರಿ, ಆ ಸಾಲು ಹಿಂದೆ ತೆಗೆದುಕೊಳ್ಳುತ್ತೇನೆ. ಎಫ್ಆರ್‌ಆರ್ ನಾನೂ ಹಾಕಿ ನೋಡುತ್ತೇನೆ.

ಹಾಲುಗಂಬಳಿ · 10:55

ನಾನು ಈ ಥರ ಲ್ಯಾಬ್ ಕಲಿಕೆಗೆ ಅಲ್ಲ, ಹೊಟ್ಟೆಪಾಡಿಗೆ ಕಟ್ಟಿದ್ದೇನೆ. ಹಳ್ಳಿ ಹಾಲಿನ ಡೈರಿಗಳಿಗೆ ನಾನೇ ಒಂದು ಸಾಫ್ಟ್‌ವೇರ್ ಬರೆದಿದ್ದೆ. ಬೆಳಿಗ್ಗೆ ಲೀಟರ್, ಫ್ಯಾಟ್ ನಮೂದಿಸಿದರೆ ಸರ್ವರಿಗೆ ಹೋಗಬೇಕು. ನನ್ನ ಮನೆಯಲ್ಲಿ ಫೈಬರ್ ಇದೆ, ಎಲ್ಲಾ ಚೆನ್ನಾಗಿ ನಡೆಯಿತು. ಹಳ್ಳಿಯಲ್ಲಿ ಒಬ್ಬ ರೈತರ ಖಾತೆಗೆ ಒಂದೇ ಹೊತ್ತಿನ ಹಾಲು ಎರಡು ಸಲ ಬಿತ್ತು.

ಆಗ ಒಂದೇ ಲ್ಯಾಪ್‌ಟಾಪ್‌ನಲ್ಲಿ ಮೂರು ನೇಮ್‌ಸ್ಪೇಸ್ ಕಟ್ಟಿದೆ, ಕರಾವಳಿ ಕರ್ನಲ್ ಹೇಳಿದ ಹಾಗೆ. ನಡುವಿನ ರೌಟರಿನಲ್ಲಿ ನೆಟ್‌ಎಮ್ ಅನ್ನುವ ಲಿನಕ್ಸ್ ಸಾಧನ ಹಾಕಿ ತಡ 400 ಮಿಲಿಸೆಕೆಂಡ್, ನೂರಕ್ಕೆ ಐದು ಪ್ಯಾಕೆಟ್ ಕಳೆದುಹೋಗುವಂತೆ ಮಾಡಿದೆ. ಹತ್ತು ನಿಮಿಷದಲ್ಲಿ ಅದೇ ತಪ್ಪು ನನ್ನ ಮೇಜಿನ ಮೇಲೆ! ನಮೂದು ಸರ್ವರ್ ಮುಟ್ಟಿರುತ್ತಿತ್ತು, 'ಬಂತು' ಅನ್ನುವ ಉತ್ತರ ತಡವಾಗುತ್ತಿತ್ತು. ಕಾದು ಸಾಕಾಗಿ ಸಾಫ್ಟ್‌ವೇರ್ ಮತ್ತೊಮ್ಮೆ ಕಳಿಸುತ್ತಿತ್ತು. ಪ್ರತಿ ನಮೂದಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟೆ, ಎರಡನೇ ಸಲ ಬಂದರೆ ಸರ್ವರ್ ಬಿಟ್ಟುಬಿಡುತ್ತದೆ. ಆ ರೈತರ ಲೆಕ್ಕ ಅದೇ ವಾರ ಸರಿ ಮಾಡಿದೆವು.

ಒಂದು ಎಚ್ಚರ. ನೆಟ್‌ಎಮ್ ಹಾಕಿದ ಕಾರ್ಡಿನಿಂದ ಹೊರಗೆ ಹೋಗುವ ಪ್ಯಾಕೆಟಿಗೆ ಮಾತ್ರ ತಡ ಆಗುತ್ತದೆ. ಎರಡೂ ದಿಕ್ಕಿಗೆ ಬೇಕಾದರೆ ರೌಟರಿನ ಎರಡೂ ಕಾರ್ಡಿಗೆ ಹಾಕಬೇಕು.

ಕಾಫಿತೋಟ · 11:01

ಇದು ಚೆನ್ನಾಗಿದೆ. ನಮ್ಮ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಹೀಗೇ ಇರುತ್ತದೆ. ಆ್ಯಪ್ ಬರೆಯುವವರು ಎಲ್ಲರೂ ಒಮ್ಮೆ ಇದನ್ನು ಮಾಡಬೇಕು.

ಕರಾವಳಿ_ಕರ್ನಲ್ · 11:05

ಉಪಗ್ರಹ ಲಿಂಕ್ ಕೂಡ ಹೀಗೇ ನಟಿಸಬಹುದು. ಭೂಸ್ಥಿರ ಉಪಗ್ರಹ ಇರುವುದು 35,786 ಕಿ.ಮೀ. ಎತ್ತರದಲ್ಲಿ. ಪಿಂಗ್ ಮೇಲೆ ಹೋಗಿ ಕೆಳಗೆ ಬಂದು, ಉತ್ತರ ಮತ್ತೆ ಮೇಲೆ ಹೋಗಿ ಕೆಳಗೆ ಬರಬೇಕು. ಬೆಳಕಿನ ವೇಗದಲ್ಲೇ 480 ಮಿಲಿಸೆಕೆಂಡ್ ಹತ್ತಿರ ಆಗುತ್ತದೆ. ಯಾವ ರೌಟರ್ ತಂದರೂ ಅದು ಇಳಿಯುವುದಿಲ್ಲ.

ವರದಾ_ತೀರ · ಭಾನುವಾರ ಬೆಳಿಗ್ಗೆ 7:30

ರಾತ್ರಿ ಕರೆಂಟ್ ಹೋಯಿತು, ಬ್ಯಾಟರಿ ಮುಗಿಯಿತು. ಈಗ ಮತ್ತೆ ಕೂತಿದ್ದೇನೆ. ಫಾರ್ವರ್ಡಿಂಗ್ ಸೊನ್ನೆ ಇತ್ತು, ಒಂದು ಮಾಡಿದೆ. ಟಿಸಿಪಿಡಂಪ್‌ನಲ್ಲಿ ಪಿಂಗ್ ಒಂದು ಕಡೆ ಬಂದು ಇನ್ನೊಂದು ಕಡೆ ಹೊರಡುವುದು ಕಾಣುತ್ತಿದೆ. ಉತ್ತರ ಮಾತ್ರ ಬರುತ್ತಿಲ್ಲ. ವಿಂಡೋಸ್ ಫೈರ್‌ವಾಲ್ ಇರಬೇಕು ಅಂತ ನಾನೇ ಊಹಿಸಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಗುಂಪಿನ ಎಕೋ ರಿಕ್ವೆಸ್ಟ್ (ಪಿಂಗ್) ನಿಯಮ ಆನ್ ಮಾಡಿದೆ. ಈಗ ರೌಟರಿನಿಂದ ವಿಂಡೋಸ್‌ಗೆ ಪಿಂಗ್ ಆಗುತ್ತದೆ. ಹೆಡ್ ಪಿಸಿಯಿಂದ ಆಗುವುದಿಲ್ಲ! ಗೇಟ್‌ವೇ ಮೂರು ಸಲ ನೋಡಿದೆ, ಸರಿಯಾಗಿದೆ.

ಡಬ್ಲಿನ್_ಕನ್ನಡತಿ · 12:50

ನೀವು ಹತ್ತಿರ ಬಂದಿದ್ದೀರಿ. ಆ ನಿಯಮವನ್ನು ತೆರೆದು ಸ್ಕೋಪ್ ಅನ್ನುವ ಟ್ಯಾಬ್ ನೋಡಿ. ಪಬ್ಲಿಕ್, ಪ್ರೈವೇಟ್ ಪ್ರೊಫೈಲಿನಲ್ಲಿ ಅದು ಲೋಕಲ್ ಸಬ್‌ನೆಟ್‌ಗೆ (ಅದೇ ನೆಟ್‌ವರ್ಕಿನವರಿಗೆ) ಮಾತ್ರ ಬಿಡುತ್ತದೆ. ರೌಟರಿನ 10.10.2.1 ಅದರ ಮನೆಯದೇ, ಹಾಗಾಗಿ ಉತ್ತರ ಬಂತು. 10.10.1.10 ಹೊರಗಿನವನು, ಹಾಗಾಗಿ ಬಾಗಿಲು ಹಾಕಿತು. ಸ್ಕೋಪಿನಲ್ಲಿ 10.10.0.0/16 ಸೇರಿಸಿ. ಫೈರ್‌ವಾಲ್ ಪೂರ್ತಿ ಆಫ್ ಮಾಡಬೇಡಿ, ಮಕ್ಕಳೂ ಅದನ್ನೇ ಕಲಿಯುತ್ತಾರೆ.

ವರದಾ_ತೀರ · 1:05

ಬಂತು!! ನಾಲ್ಕು ಸಾಲು, ನಾಲ್ಕೂ ಉತ್ತರ. ಟಿಟಿಎಲ್ (ಪ್ಯಾಕೆಟ್ ಇನ್ನೆಷ್ಟು ರೌಟರ್ ದಾಟಬಹುದು ಅನ್ನುವ ಎಣಿಕೆ) 127 ಅಂತ ತೋರಿಸುತ್ತಿದೆ. ರೌಟರಿನಿಂದ ಹಾಕಿದಾಗ 128 ಇತ್ತು.

ನೆಟ್‌ಮೇಷ್ಟ್ರು · 1:11

ಆ ಒಂದು ಕಡಿಮೆ ಆದದ್ದನ್ನೇ ಮಕ್ಕಳಿಗೆ ತೋರಿಸಿ ಮೇಡಂ. ವಿಂಡೋಸ್ 128ರಿಂದ ಶುರು ಮಾಡುತ್ತದೆ, ರೌಟರ್ ದಾಟಿದಾಗ ಒಂದು ಕಳೆಯುತ್ತದೆ. ನೀವು ಕಟ್ಟಿದ ರೌಟರ್ ಕೆಲಸ ಮಾಡಿದ ಗುರುತು ಅದು.

ಈಗ ಮೂರೂ ವಿಎಂಗೆ ಸ್ನ್ಯಾಪ್‌ಶಾಟ್ ತೆಗೆದಿಡಿ. ಯಾರಾದರೂ ಕೆಡಿಸಿದರೆ ಒಂದು ನಿಮಿಷದಲ್ಲಿ ಇಲ್ಲಿಗೇ ವಾಪಸ್ ಬರಬಹುದು.

ವರದಾ_ತೀರ · 1:20

ತೆಗೆದೆ. ಹೆಡ್ ಆಫೀಸಿಗೆ ಇನ್ನೊಂದು ಪಿಸಿ ಬೇಕು, ಈ ಡೆಬಿಯನ್ನನ್ನೇ ಕ್ಲೋನ್ ಮಾಡಿದರೆ ಸಾಕಲ್ಲ?

ಬೆಣ್ಣೆದೋಸೆ_577001 · 1:28

ಸಾಕು. ಕ್ಲೋನ್ ಮಾಡುವಾಗ ಎಲ್ಲಾ ಕಾರ್ಡಿಗೂ ಹೊಸ ಮ್ಯಾಕ್ ವಿಳಾಸ ಅನ್ನುವುದನ್ನು ಆರಿಸಿ. ಕೈಯಾರೆ ಹಾಕಿದ ಐಪಿಯನ್ನೂ ಬದಲಿಸಿ. ಮುಂದೆ ಉಬುಂಟು ಸರ್ವರ್ ಕ್ಲೋನ್ ಮಾಡಿದರೆ ಇನ್ನೊಂದು ಇದೆ. ಮ್ಯಾಕ್ ಬೇರೆ ಇದ್ದರೂ ಡಿಎಚ್‌ಸಿಪಿಯಿಂದ ಎರಡಕ್ಕೂ ಒಂದೇ ಐಪಿ ಬರಬಹುದು. ಅದು ಮ್ಯಾಕ್ ಬದಲು ಮಷಿನ್-ಐಡಿಯಿಂದ ಮಾಡಿದ ಗುರುತು ಕಳಿಸುತ್ತದೆ, ಕ್ಲೋನ್‌ನಲ್ಲಿ ಆ ಐಡಿ ಹಾಗೇ ನಕಲಾಗಿರುತ್ತದೆ. ಕ್ಲೋನ್‌ಗೆ ಮುಂಚೆ ಆ ಐಡಿ ಇರುವ ಫೈಲ್ ಖಾಲಿ ಮಾಡಿದರೆ ಹೊಸದು ತಾನೇ ಹುಟ್ಟುತ್ತದೆ. ನಾನು ಇದರಲ್ಲಿ ಒಂದು ಇಡೀ ದಿನ ಕಳೆದಿದ್ದೇನೆ.

ವರದಾ_ತೀರ · 1:34

ಬರೆದಿಟ್ಟುಕೊಂಡೆ. ನಾಳೆ ಮಕ್ಕಳು ಬರುವ ಮುಂಚೆ ಫಾರ್ವರ್ಡಿಂಗ್ ಮತ್ತೆ ಸೊನ್ನೆ ಮಾಡಿ, ಫೈರ್‌ವಾಲ್ ಸ್ಕೋಪನ್ನೂ ಹಿಂದಿನ ಹಾಗೆ ಮಾಡಿ ಇಡುತ್ತೇನೆ. ಟಿಸಿಪಿಡಂಪ್ ಕೊಟ್ಟು ಅವರೇ ಹುಡುಕಲಿ. ಏನಾಯಿತು ಅಂತ ಸಂಜೆ ಇಲ್ಲೇ ಬರೆಯುತ್ತೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಜೋಳದರೊಟ್ಟಿ · 1:40

ಮೇಡಂ, ಒಂದು ಪಿಸಿಯ ಮಾಸ್ಕ್ ಕೂಡ ಸ್ಲ್ಯಾಶ್ 16 ಮಾಡಿಡಿ. ಆ ಕಡೆಯವರು ಮನೆಯವರೇ ಅಂದುಕೊಂಡು ಗೇಟ್‌ವೇಗೆ ಹೋಗದೆ ಅಲ್ಲೇ ಎಆರ್‌ಪಿ ('ಈ ಐಪಿ ಯಾರದು' ಅನ್ನುವ ಪ್ರಶ್ನೆ) ಕೂಗುತ್ತಾ ಕೂರುತ್ತದೆ. ಪಿನ್‌ಕೋಡ್ ಪಾಠಕ್ಕೆ ಅದು ಸರಿಯಾಗಿ ಹೊಂದುತ್ತದೆ.